ಕಡವೆ ಬೇಟೆಯ ಕಾಡುಗಳು

ಭಾರತದ ಜಿಂಕೆ ಜಾತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಡವೆ. ಬೆಳೆದ ಗಂಡು ಹೆಗಲ ಮಟ್ಟಕ್ಕೆ ನಾಲ್ಕೂವರೆ ಅಡಿ ದಾಟುತ್ತದೆ, 225ರಿಂದ 320 ಕಿಲೋ ತೂಗುತ್ತದೆ. ಇಷ್ಟು ದೊಡ್ಡ ಪ್ರಾಣಿ ಕಾಡಿನಲ್ಲಿ ಇಪ್ಪತ್ತು ಮಾರು ದೂರದಲ್ಲಿ ನಿಂತಿದ್ದರೂ ಕಣ್ಣಿಗೆ ಬೀಳದೆ ಹೋಗುವುದೇ ಅದರ ವಿಶೇಷ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟ, ಬೈಲೂರಿನ ಕಡೆಯ ಮಲೆ, ಹನೂರಿನ ಮಲೆ ಮಹದೇಶ್ವರ ಬೆಟ್ಟದ ಸಾಲು, ಕಾವೇರಿ ದಂಡೆಯ ಕುರುಚಲು, ಈ ನಾಲ್ಕೂ ಕಡೆ ಕಡವೆ ಇದೆ. ನೂರಾರು ವರ್ಷ ಅದರ ಬೇಟೆಯೂ ನಡೆದಿದೆ. ಅರಸರು, ದೊರೆಗಳು, ತೋಟದ ಮಾಲೀಕರು, ಊರಿನ ರೈತರು, ಕಾಡಿನ ಸೋಲಿಗರು ಎಲ್ಲರೂ ಅದರ ಬೆನ್ನು ಹತ್ತಿದವರೇ. ಆದರೆ ಬೇಟೆಯ ರೀತಿಯನ್ನು ತೀರ್ಮಾನಿಸಿದ್ದು ಇವರಲ್ಲಿ ಯಾರೂ ಅಲ್ಲ. ಅದನ್ನು ತೀರ್ಮಾನಿಸಿದ್ದು ಕಾಡಿನ ದಟ್ಟಣೆ.

ಬಯಲಿನ ಕೃಷ್ಣಮೃಗ ಕಣ್ಣನ್ನು ನಂಬಿ ಬದುಕುವ ಪ್ರಾಣಿ. ಬೇಟೆಗಾರನೂ ಅದನ್ನು ದೂರದಿಂದಲೇ ಕಂಡು, ದೂರದಿಂದಲೇ ಗುರಿ ಇಡಬಹುದು. ಕಡವೆಯ ಲೆಕ್ಕ ಬೇರೆ. ಅದರ ಕಣ್ಣು ಸಾಧಾರಣ. ಅಲ್ಲಾಡದೆ ನಿಂತ ಮನುಷ್ಯನನ್ನು ಗುರುತಿಸದೆ ಎಷ್ಟೋ ಹೊತ್ತು ದಿಟ್ಟಿಸುತ್ತದೆ. ಕಿವಿ ಮತ್ತು ಮೂಗು ಮಾತ್ರ ಅಸಾಧಾರಣ. ತರಗೆಲೆ ಮುರಿದ ಸದ್ದು ಯಾವ ಕಡೆಯಿಂದ ಬಂತು ಎಂದು ಅಗಲವಾದ ಕಿವಿ ತಿರುಗಿಸಿ ಅಳೆಯುತ್ತದೆ, ಗಾಳಿ ಸ್ವಲ್ಪ ತಿರುಗಿದರೂ ವಾಸನೆ ಹಿಡಿಯುತ್ತದೆ. ಅಪಾಯದ ಗುಮಾನಿ ಬಂದರೆ ಜಿಂಕೆಯ ಹಾಗೆ ಚಂಗನೆ ಹಾರಿ ಓಡುವುದಿಲ್ಲ. ಮೊದಲು ಕಲ್ಲಾಗಿ ನಿಲ್ಲುತ್ತದೆ. ಆಮೇಲೆ ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ, ಬಾಲ ಎತ್ತುತ್ತದೆ, ‘ಢಾಂಕ್’ ಎಂದು ಕಣಿವೆಯೆಲ್ಲ ಮೊಳಗುವಂತೆ ಒಂದು ಕೂಗು ಹಾಕುತ್ತದೆ. ಜಾಡು ಬಲ್ಲವರು ಈ ಕೂಗಿಗೆ ಕೊಡುವಷ್ಟು ಬೆಲೆಯನ್ನು ಮುಸುವನ ಕೂಗಿಗಾಗಲಿ ಚುಕ್ಕೆ ಜಿಂಕೆಯ ಕೂಗಿಗಾಗಲಿ ಕೊಡುವುದಿಲ್ಲ. ಅವೆರಡೂ ಬೆದರುಪುಕ್ಕಲು, ನೆರಳಿಗೂ ಕೂಗುತ್ತವೆ. ಕಡವೆ ಮತ್ತೆ ಮತ್ತೆ ಕೂಗಿತೆಂದರೆ ಅಲ್ಲಿ ಹುಲಿಯೋ ಚಿರತೆಯೋ ಸೀಳುನಾಯಿಯೋ ಇರಲೇಬೇಕು ಎಂಬುದು ಕಾಡಿನವರ ಖಚಿತ ನಂಬಿಕೆ.

ಬದುಕುವ ರೀತಿಯೂ ಬೇಟೆಗಾರನಿಗೆ ಅನುಕೂಲದ್ದಲ್ಲ. ಕಡವೆ ದೊಡ್ಡ ಹಿಂಡು ಕಟ್ಟುವುದು ಅಪರೂಪ. ಒಂದು ಹೆಣ್ಣು, ಅದರ ಈ ವರ್ಷದ ಮರಿ, ಕಳೆದ ವರ್ಷದ್ದೊಂದು ಇಷ್ಟೇ ಸಾಮಾನ್ಯ ಸಂಸಾರ. ಗಂಡು ವರ್ಷದ ಹೆಚ್ಚು ಭಾಗ ಒಂಟಿ. ಹಗಲೆಲ್ಲ ಬಿದಿರು ಮೆಳೆಯೊಳಗೆ, ಹಳ್ಳದ ದಡದ ತಂಪಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಸಂಜೆಗತ್ತಲು ಕವಿದ ಮೇಲೆ ಎದ್ದು ಹುಲ್ಲು, ಚಿಗುರು, ತೊಗಟೆ, ಉದುರಿದ ನೆಲ್ಲಿ ಮತ್ತು ತಾರೆ ಕಾಯಿ ಅರಸಿ ಹೊರಡುತ್ತದೆ; ಬೆಳಗು ಹರಿಯುವ ಮುಂಚೆ ಮತ್ತೆ ಒಳಸರಿಯುತ್ತದೆ. ದಕ್ಷಿಣದ ಕಾಡುಗಳಲ್ಲಿ ಗಂಡು ಕೊಂಬು ಉದುರಿಸುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಮಖಮಲ್ಲಿನಂಥ ತೊಗಲು ಹೊದ್ದು ಹೊಸ ಕೊಂಬು ಬೆಳೆಯುತ್ತದೆ. ಮಳೆ ಹಿಂದೆಗೆದ ಮೇಲೆ ಅದು ಗಟ್ಟಿಯಾಗಿ, ಮರಕ್ಕೆ ತಿಕ್ಕಿ ತಿಕ್ಕಿ ಚೊಕ್ಕವಾಗುತ್ತದೆ. ಒಂದೊಂದು ಕೊಂಬಿಗೆ ಮೂರು ಮೊನೆ: ಹುಬ್ಬಿನ ಮೇಲೊಂದು, ತುದಿಯಲ್ಲಿ ಕವಲೊಡೆದ ಎರಡು. ನವೆಂಬರ್ ಡಿಸೆಂಬರ್ ಬೆದೆಯ ಕಾಲ. ಆಗ ಮಾತ್ರ ಗಂಡು ಕೊಂಚ ಮೈಮರೆಯುತ್ತದೆ. ಕೆಸರು ಗುಂಡಿಯಲ್ಲಿ ಹೊರಳಿ ಕಪ್ಪಾಗಿ, ಕತ್ತಿನ ಕೂದಲು ಕೆದರಿ, ಹಗಲಲ್ಲೂ ಅಡ್ಡಾಡುತ್ತದೆ. ಹೆಣ್ಣು ಸುಮಾರು ಎಂಟು ತಿಂಗಳು ಗಬ್ಬ ಹೊತ್ತು ಒಂದೇ ಮರಿ ಹಾಕುತ್ತದೆ. ಎರಡು ಅಪರೂಪ. ಹಂದಿಯ ಹಾಗೆ ಒಂದು ಸೂಲಿಗೆ ಹಲವು ಮರಿ ಹಾಕುವ ಪ್ರಾಣಿ ಇದಲ್ಲವಾದ್ದರಿಂದ, ಬೇಟೆಯಿಂದ ತಗ್ಗಿದ ಸಂಖ್ಯೆ ಮತ್ತೆ ಏರಲು ಬಹಳ ಕಾಲ ಹಿಡಿಯುತ್ತದೆ.

ಈ ಸೀಮೆಯ ಕಾಡು ಎಲ್ಲ ಕಡೆ ಒಂದೇ ತೆರನಲ್ಲ. ಬಿಳಿಗಿರಿಯ ಸಾಲು ಉತ್ತರ ದಕ್ಷಿಣವಾಗಿ ಚಾಚಿ, ಬುಡದಲ್ಲಿ ಸುಮಾರು 600 ಮೀಟರಿನಿಂದ ನೆತ್ತಿಯಲ್ಲಿ 1,800 ಮೀಟರಿನವರೆಗೆ ಏರುತ್ತದೆ. ಬುಡದಲ್ಲಿ ಜಾಲಿ, ದಿಂಡಿಗದ ಒಣಕಾಡು. ನಡುವೆ ಮತ್ತಿ, ಹೊನ್ನೆ, ಬೀಟೆ, ಬಿದಿರು. ಮೇಲೆ ಕಣಿವೆಗಳಲ್ಲಿ ಹಸುರು ಕಾನು, ಅದರ ಸುತ್ತ ಹುಲ್ಲಿನ ಬೋಳು. ಸೋಲಿಗರು ಇವನ್ನು ನಾಡುಕಾಡು, ಮಲೆಕಾಡು, ಕಾನುಕಾಡು, ಬೋಳೆ ಎಂದು ಬೇರೆ ಬೇರೆಯಾಗಿಯೇ ಗುರುತಿಸುತ್ತಾರೆ. ಕಡವೆ ಈ ಎಲ್ಲವನ್ನೂ ಋತುವಿಗೆ ತಕ್ಕಂತೆ ಬಳಸುತ್ತದೆ. ಹನೂರಿನ ಕಡೆ, ಕೌದಳ್ಳಿ, ರಾಮಾಪುರ, ಪೊನ್ನಾಚಿ, ಹೂಗ್ಯಂ ಸುತ್ತಿನ ಕಾಡು ಇದಕ್ಕಿಂತ ಒಣ. ಕಡಿದಾದ ಗುಡ್ಡ, ಕಲ್ಲು, ಮುಳ್ಳು, ಬೇಸಿಗೆಗೆ ಬತ್ತುವ ಹಳ್ಳ. ಪಾಲಾರ್ ಮತ್ತು ಉಡುತೊರೆಹಳ್ಳದ ಮಡುಗಳು, ಗಡಿಯಲ್ಲಿ ಹರಿಯುವ ಕಾವೇರಿ, ಇಷ್ಟೇ ನಂಬಬಹುದಾದ ನೀರು. ಬಿಳಿಗಿರಿಯಲ್ಲಿ ಕಡವೆಯನ್ನು ಮರೆಮಾಡುವುದು ಹಸುರು. ಮಹದೇಶ್ವರ ಬೆಟ್ಟದಲ್ಲಿ ಅದನ್ನು ಕಾಪಾಡುವುದು ಇಳಿಜಾರು. ಬೇಟೆಯ ಮಟ್ಟಿಗೆ ಎರಡರ ಫಲವೂ ಒಂದೇ. ಕಡವೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಅಸಾಧ್ಯ. ಅದು ಎಲ್ಲಿಗೆ ಬರುತ್ತದೆ ಎಂದು ತಿಳಿದು ಅಲ್ಲಿರಬೇಕು, ಇಲ್ಲವೇ ಬರುವಂತೆ ಮಾಡಬೇಕು.

ಎಲ್ಲಿಗೆ ಬರುತ್ತದೆ ಎಂದು ತಿಳಿಯುವ ವಿದ್ಯೆಯೇ ಜಾಡು. ಇದರಲ್ಲಿ ಸೋಲಿಗರನ್ನು ಮೀರಿಸಿದವರಿಲ್ಲ ಎಂದು ಬಿಳಿಗಿರಿಯಲ್ಲಿ ಬೇಟೆಯಾಡಿದ ಬಿಳಿಯರೂ ಒಪ್ಪಿದ್ದಾರೆ. ಗೊರಸಿನ ಗುರುತು ಜಾಡಿನ ಒಂದು ಪಾಲು ಮಾತ್ರ. ತರಗೆಲೆ ಹಾಸಿದ ನೆಲದಲ್ಲಿ ಗೊರಸು ಮೂಡುವುದೇ ಇಲ್ಲ. ಮಗುಚಿದ ಎಲೆಯ ಒದ್ದೆ ಬದಿ, ಇಬ್ಬನಿ ಉದುರಿದ ಹುಲ್ಲಿನ ಗೆರೆ, ಕಡಿದ ಚಿಗುರಿನ ತುದಿ ಬಾಡಿದೆಯೋ ಇಲ್ಲವೋ, ಹಿಕ್ಕೆಯ ಮೇಲಿನ ಲೋಳೆ ಆರಿದೆಯೋ ಇಲ್ಲವೋ, ಹೊರಳು ಗುಂಡಿಯಿಂದ ಎದ್ದ ಪ್ರಾಣಿ ಪೊದೆಗೆ ಮೆತ್ತಿದ ಕೆಸರು ಯಾವ ಎತ್ತರದಲ್ಲಿದೆ, ಯಾವ ಬದಿಗಿದೆ ಎಂಬುದೆಲ್ಲ ಓದಬೇಕು. ಕೊಂಬು ತಿಕ್ಕಿ ತೊಗಟೆ ಸುಲಿದ ಮರ ಕಂಡರೆ ಗಂಡು ಅಲ್ಲಿ ಠಿಕಾಣಿ ಹೂಡಿದೆ ಎಂದರ್ಥ. ಜಾಡು ಹಿಡಿದು ಹೋಗುವಾಗ ಪ್ರತಿ ಹೆಜ್ಜೆಗೂ ಗಾಳಿಯ ಲೆಕ್ಕ ಬೇಕು. ಬೆಟ್ಟದಲ್ಲಿ ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಮೇಲಕ್ಕೆ ಏರುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ ಇಳಿಯುತ್ತದೆ. ಬೆಳಗ್ಗೆ ಸರಿಯಾಗಿದ್ದ ದಾರಿ ಮಧ್ಯಾಹ್ನಕ್ಕೆ ತಪ್ಪುದಾರಿ. ಇಷ್ಟೆಲ್ಲ ಸರಿಹೋಗಿ ಕಡವೆ ಎದುರಾದರೂ ಕಾಣುವುದು ಒಂದು ಕಿವಿ ಅಥವಾ ಹೊಟ್ಟೆಯ ಒಂದು ತುಣುಕು. ಬಂದೂಕು ಎತ್ತುವುದಕ್ಕೆ ಸಿಗುವುದು ಕೆಲವೇ ಕ್ಷಣ. ಅರೆಬರೆ ಕಂಡ ಗುರಿಗೆ ಹೊಡೆದ ಈಡು ಸರಿಯಾದ ಜಾಗಕ್ಕೆ ತಾಗದಿದ್ದರೆ ಗಾಯಗೊಂಡ ಪ್ರಾಣಿ ಮೆಳೆ ನುಗ್ಗಿ ಬಹುದೂರ ಹೋಗಿ ಎಲ್ಲೋ ಸಾಯುತ್ತದೆ. ದಟ್ಟ ಕಾಡಿನ ಬೇಟೆಯ ದೊಡ್ಡ ಕ್ರೌರ್ಯ ಇದೇ. ಶಿಕಾರಿ ಪುಸ್ತಕಗಳು ಸಿಕ್ಕಿದ ಕೊಂಬುಗಳ ಉದ್ದವನ್ನು ಅಂಗುಲದ ಲೆಕ್ಕದಲ್ಲಿ ಬರೆದಿಟ್ಟವು, ಸಿಗದೆ ಸತ್ತವುಗಳ ಲೆಕ್ಕ ಯಾರೂ ಬರೆಯಲಿಲ್ಲ.

ಜಾಡಿಗಿಂತ ಸುಲಭದ್ದು ಮರಸು. ನೀರಿನ ಮಡು, ಉಪ್ಪುಮಣ್ಣಿನ ನೆಕ್ಕಲು, ಕಾಯಿ ಉದುರುವ ನೆಲ್ಲಿಮರ, ಕಾಡಂಚಿನ ರಾಗಿ ಹೊಲ, ಇವುಗಳ ಬಳಿ ಗಾಳಿಗೆ ಎದುರಾಗಿ ಮರದ ಮೇಲೆ ಅಟ್ಟಣೆ ಕಟ್ಟಿಯೋ ಪೊದೆಯ ಮರೆಯಲ್ಲೋ ಕಾದು ಕೂರುವುದು. ಬೆಳೆ ಕಾಯುವ ಅಟ್ಟಣೆಗೂ ಬೇಟೆಯ ಅಟ್ಟಣೆಗೂ ನಡುವಿನ ಗೆರೆ ಆಗ ತೀರ ತೆಳುವಾಗಿತ್ತು. ಪೈರಿಗೆ ಬಂದ ಪ್ರಾಣಿಯನ್ನು ಹೊಡೆದರೆ ಪೈರೂ ಉಳಿಯಿತು, ಸಾರೂ ಆಯಿತು ಎಂಬ ನಿರಾಳ ಮನೋಭಾವ ಕಾಡಂಚಿನ ಊರುಗಳದು. ಬೇಸಿಗೆಯಲ್ಲಿ ನೀರು ಒಂದೆರಡು ಮಡುಗಳಿಗೆ ಇಳಿದಾಗ ಮರಸಿಗೆ ಕೂತವನಿಗೆ ಸೋಲು ಕಡಿಮೆ. ಹನೂರಿನ ಒಣಕಾಡುಗಳಲ್ಲಿ ಕಡವೆ ಬೇಗ ಕರಗಿದ್ದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಮೂರನೆಯದು ಸೋವು. ಒಂದು ಕಣಿವೆಯ ಮೂರು ಮಗ್ಗುಲಿಂದ ಜನ ಸಾಲಾಗಿ ಕೂಗುತ್ತ, ತಮಟೆ ಬಡಿಯುತ್ತ, ನಾಯಿ ಬಿಟ್ಟು ಸೋವುತ್ತ ಬರುವುದು, ನಾಲ್ಕನೆಯ ಮಗ್ಗುಲಲ್ಲಿ ಬಂದೂಕಿನವರೋ ಬಲೆಯವರೋ ನಿಲ್ಲುವುದು. ಹಳೇ ಮೈಸೂರಿನ ಊರುಗಳಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಊರೊಟ್ಟಿನ ಬೇಟೆ ಹೊರಡುವ ವಾಡಿಕೆಯಿತ್ತು. ಯುಗಾದಿಯೆಂದರೆ ಎಲೆ ಉದುರಿ ಕಾಡು ಬಯಲಾದ ಕಾಲ, ನೀರು ಕಡಿಮೆಯಾದ ಕಾಲ, ಹೊಲದ ಕೆಲಸವೂ ಇಲ್ಲದ ಕಾಲ. ಹಬ್ಬದ ದಿನ ಗೊತ್ತುಮಾಡಿದವರು ಇದನ್ನು ನೋಡಿಯೇ ಗೊತ್ತುಮಾಡಿದರೆಂದು ಹೇಳಲಾಗದು, ಆದರೆ ಬೇಟೆಗೆ ಅದಕ್ಕಿಂತ ತಕ್ಕ ದಿನ ಇರಲಿಲ್ಲ. ಸೋವಿನಲ್ಲಿ ಕಡವೆ ಸಿಕ್ಕೇಬಿಡುತ್ತದೆ ಎಂದೇನೂ ಇಲ್ಲ. ಹಳೆಯ ಗಂಡುಗಳು ಗದ್ದಲಕ್ಕೆ ಎದ್ದು ಓಡದೆ ಪೊದೆಯಲ್ಲಿ ಮೈ ಅಡಗಿಸಿ, ಸೋವುವವರ ಸಾಲು ದಾಟಿಹೋದ ಮೇಲೆ ಹಿಂದಕ್ಕೆ ಜಾರುತ್ತವೆ.

ನಾಯಿ ಬೆನ್ನುಹತ್ತಿದರೆ ಕಡವೆಗೆ ಇನ್ನೊಂದು ರೂಢಿಯಿದೆ. ಅದು ನೀರಿಗಿಳಿಯುತ್ತದೆ. ಮಡುವಿನಲ್ಲಿ ಎದೆಮಟ್ಟ ನಿಂತು ಕೊಂಬು ತಿರುಗಿಸಿ ಸೆಣಸುತ್ತದೆ. ಸೀಳುನಾಯಿಗಳ ಹಿಂಡಿನಿಂದ ಪಾರಾಗಲು ಕಲಿತ ಉಪಾಯವಿದು. ಈಜಬೇಕಾದ ನಾಯಿಗಿಂತ ನೆಲಕ್ಕೆ ಕಾಲೂರಿ ನಿಂತ ಕಡವೆಗೆ ಅನುಕೂಲ ಹೆಚ್ಚು. ಮನುಷ್ಯನೆದುರು ಅದೇ ಉಪಾಯ ಮುಳುವಾಗುತ್ತದೆ. ಶ್ರೀಲಂಕಾದ ಎತ್ತರದ ಕಾಡುಗಳಲ್ಲಿ ಸ್ಯಾಮ್ಯುಯೆಲ್ ಬೇಕರ್ ಎಂಬ ಇಂಗ್ಲಿಷ್ ಬೇಟೆಗಾರ 1850ರ ದಶಕದ ಹೊತ್ತಿಗೆ ಬೇಟೆನಾಯಿಗಳ ಹಿಂಡು ಕಟ್ಟಿ ಕಡವೆಯನ್ನು ಹೀಗೆ ಹೊಳೆಗೆ ಇಳಿಸಿ, ಚೂರಿಯಿಂದಲೇ ಕೊಲ್ಲುತ್ತಿದ್ದ. ಅಲ್ಲಿನ ಬಿಳಿಯರು ಕಡವೆಯನ್ನು ತಮ್ಮ ಶೀತದೇಶದ ದೊಡ್ಡ ಜಿಂಕೆಯ ಹೆಸರಿನಿಂದ ‘ಎಲ್ಕ್’ ಎಂದೇ ಕರೆಯುತ್ತಿದ್ದರು. ದಕ್ಷಿಣ ಭಾರತದ ಕಾಡುಜನರಲ್ಲಿ ನಾಯಿಯ ಇನ್ನೊಂದು ಉಪಯೋಗವೂ ಇತ್ತು, ಅದಕ್ಕೆ ಸಾಕುನಾಯಿ ಬೇಕಿರಲಿಲ್ಲ. ಸೀಳುನಾಯಿಗಳು ಕಡವೆ ಕೆಡವಿದ ಸದ್ದು ಕೇಳಿದರೆ ಓಡಿಹೋಗಿ ಅವನ್ನು ಅಟ್ಟಿ ಮಾಂಸ ತರುವುದು. ಒಂದು ಗುಂಡೂ ಖರ್ಚಿಲ್ಲದ ಬೇಟೆ.

ಸೋಲಿಗರನ್ನು ಬರೀ ಬೇಟೆಗಾರರೆಂದು ಚಿತ್ರಿಸುವುದು ತಪ್ಪಾಗುತ್ತದೆ. ಅವರ ಬದುಕು ಕಾಡು ಕಡಿದು ರಾಗಿ ಬಿತ್ತುವ ಬೇಸಾಯ, ಗೆಡ್ಡೆಗೆಣಸು, ಹೆಜ್ಜೇನು, ನೆಲ್ಲಿಕಾಯಿಗಳ ಮೇಲೆ ನಿಂತದ್ದು. ಮಾಂಸ ಸಿಕ್ಕಾಗ ಉಂಟು, ಇಲ್ಲದಾಗ ಇಲ್ಲ. ಬೆಟ್ಟದ ದೇವರು ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿಂದ ಅವರಿಗೆ ಆತ ರಂಗಪ್ಪ ಭಾವ. ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಗಂಡ ನೀಲೇಗೌಡ ಬೇಟೆ ಮತ್ತು ಜೇನಿಗೆಂದು ಕಾಡಿಗೆ ಹೊರಡುವುದರಿಂದಲೇ ಕಥೆಯ ಸಂಕಟ ಶುರುವಾಗುತ್ತದೆ. ಕಂಸಾಳೆಯವರ ಬಾಯಲ್ಲಿ ಉಳಿದ ಈ ಕಾವ್ಯ ಬೇಟೆಯನ್ನು ಶೌರ್ಯವೆಂದು ಹೊಗಳುವುದಕ್ಕಿಂತ ಮನೆಯಲ್ಲಿ ಉಳಿದ ಹೆಣ್ಣಿನ ಪಾಡನ್ನು ಹಾಡುತ್ತದೆ.

ಬ್ರಿಟಿಷರ ಕಾಲದಲ್ಲಿ ಆಡಳಿತದ ದೃಷ್ಟಿಯಿಂದ ಈ ಕಾಡು ಮೂರು ಹೋಳಾಗಿತ್ತು. ಕೊಳ್ಳೇಗಾಲ, ಇಂದಿನ ಹನೂರು ಸೇರಿದಂತೆ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತ ಜಹಗೀರು. ಅದರಾಚೆಯ ಚಾಮರಾಜನಗರ ಮೈಸೂರು ಸಂಸ್ಥಾನದ್ದು. ಕಡವೆ ಒಂದು ರಾತ್ರಿಯಲ್ಲಿ ಮೂರೂ ಆಡಳಿತಗಳನ್ನು ದಾಟಬಹುದಿತ್ತು, ಬೇಟೆಯ ನಿಯಮಗಳಿಗೆ ಆ ಭಾಗ್ಯ ಇರಲಿಲ್ಲ. ಮದ್ರಾಸಿನ ಕಡೆ 1882ರ ಅರಣ್ಯ ಕಾಯ್ದೆಯಡಿ ಮೀಸಲು ಕಾಡುಗಳು ಗುರುತಾದವು. ಅಲ್ಲಿ ಬಂದೂಕು ಹಿಡಿದು ಹೋಗಲು ಪರವಾನಗಿ ಬೇಕಾಯಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಕಾನೂನು ತಂದಿತು. ಇವುಗಳ ಉದ್ದೇಶ ಬೇಟೆಯನ್ನು ನಿಲ್ಲಿಸುವುದಲ್ಲ, ಯಾರು ಬೇಟೆಯಾಡಬೇಕು ಎಂದು ಗೊತ್ತುಮಾಡುವುದು. ಶುಲ್ಕ ಕೊಟ್ಟು ರೈಫಲ್ ಹಿಡಿದವನು ಶಿಕಾರಿಯಾದ. ಉರುಳು, ಬಲೆ, ಕೇಪಿನ ಕೋವಿ ಹಿಡಿದವನು ಕಳ್ಳನಾದ.

ಆ ಶಿಕಾರಿಗಳಲ್ಲಿ ಇಬ್ಬರ ಹೆಸರು ಈ ಬೆಟ್ಟಗಳಿಗೆ ಅಂಟಿಕೊಂಡಿದೆ. ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸರ್ಕಾರದ ನೌಕರ; ಚಾಮರಾಜನಗರ ಸಮೀಪ ಬೀಡುಬಿಟ್ಟು 1870ರ ದಶಕದಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದವನು. ಹದಿಮೂರು ವರ್ಷಗಳ ಕಾಡಿನ ಅನುಭವವನ್ನು 1878ರಲ್ಲಿ ಪುಸ್ತಕ ಮಾಡಿದ. ಆತನ ಆಸಕ್ತಿ ಆನೆ, ಹುಲಿ, ಕಾಟಿಗಳ ಮೇಲೆ. ಹಾಗಿದ್ದರೂ ಸೋಲಿಗರ ಜಾಡುವಿದ್ಯೆಯ ಬಗ್ಗೆ ಆತ ಬರೆದದ್ದು ಬೆಲೆಬಾಳುವಂಥದು. ಎರಡನೆಯವರು ಆರ್.ಸಿ. ಮೋರಿಸ್. ಇವರ ತಂದೆ 19ನೇ ಶತಮಾನದ ಕೊನೆಯ ಹೊತ್ತಿಗೆ ಅತ್ತಿಖಾನೆಯಲ್ಲಿ ಕಾಫಿ ತೋಟ ಹಾಕಿದವರು. ಮಗ ಹೊನ್ನಮೇಟಿ ತೋಟದಲ್ಲಿ ನೆಲೆಸಿ ದಶಕಗಳ ಕಾಲ ಈ ಬೆಟ್ಟದ ಪ್ರಾಣಿಗಳ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಟಿಪ್ಪಣಿ ಬರೆದರು. ಸೋಲಿಗರ ಜೊತೆ ಬೇಟೆಯಾಡುತ್ತಲೇ ಬೇಟೆಯ ಮಿತಿಯ ಬಗ್ಗೆ ಮಾತಾಡತೊಡಗಿದ ತಲೆಮಾರು ಅವರದು. ಕಾಡಿನ ಕೊಂಬುಗಳು ಬಂಗಲೆಯ ಗೋಡೆಗೆ ಮಾತ್ರ ಹೋಗಲಿಲ್ಲ. ಭಾರತದ ಕಡವೆ ಕೊಂಬು ಯುರೋಪಿನ ಚಾಕು ತಯಾರಕರಿಗೆ ಹಿಡಿ ಮಾಡಲು ಬಹು ಮೆಚ್ಚಿನ ವಸ್ತುವಾಗಿತ್ತು, ತೊಗಲು ಮೆದುವಾದ ಪಾದರಕ್ಷೆಗೆ ಹೆಸರಾಗಿತ್ತು.

ರಾತ್ರಿಯ ಬೆಳಕು ಬಂದ ಮೇಲೆ ಹಳೆಯ ಸಮತೋಲ ತಪ್ಪಿತು. ಜೀಪು ಮತ್ತು ಬ್ಯಾಟರಿ ದೀಪ ಸುಲಭವಾಗಿ ಸಿಗತೊಡಗಿದ್ದು ಎರಡನೇ ಮಹಾಯುದ್ಧದ ನಂತರ. ಕಣ್ಣಿಗೆ ಬೆಳಕು ಹೊಡೆದರೆ ಕಡವೆ ತಬ್ಬಿಬ್ಬಾಗಿ ನಿಂತುಬಿಡುತ್ತದೆ. ಕಣ್ಣುಗಳು ದೀಪದಲ್ಲಿ ಹೊಳೆದು ಗುರಿಯನ್ನು ತಾವೇ ತೋರಿಸಿಕೊಡುತ್ತವೆ. ಜಾಡಿನ ವಿದ್ಯೆ, ಗಾಳಿಯ ಲೆಕ್ಕ, ತಾಳ್ಮೆ ಯಾವುದೂ ಬೇಡವಾಯಿತು. ಕತ್ತಲೆಯ ರಕ್ಷಣೆಯನ್ನೇ ನಂಬಿದ್ದ ಪ್ರಾಣಿಗೆ ಕತ್ತಲೆಯೇ ಅಪಾಯದ ಹೊತ್ತಾಯಿತು. ದನಗಳಿಂದ ಕಾಡಿಗೆ ಹರಡುತ್ತಿದ್ದ ದೊಡ್ಡರೋಗವೂ (ರಿಂಡರ್‌ಪೆಸ್ಟ್) ಆ ಕಾಲದಲ್ಲಿ ಕಾಟಿ, ಕಡವೆಗಳನ್ನು ಕೊಲ್ಲುತ್ತಿತ್ತು. ಆ ರೋಗ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾದದ್ದು 2011ರಲ್ಲಿ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ರಾಜ್ಯ ವನ್ಯಪ್ರಾಣಿ, ಪಕ್ಷಿಗಳ ರಕ್ಷಣೆಗೆ ಕಾಯ್ದೆ ಮಾಡಿತು, 1972ರಲ್ಲಿ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆ ಮೊದಲ ರೂಪದಲ್ಲಿ ಪರವಾನಗಿ ಬೇಟೆಗೆ ಒಂದು ಕಿಂಡಿ ಉಳಿಸಿತ್ತು. ಕಡವೆ ಮೂರನೇ ಅನುಸೂಚಿಯಲ್ಲಿತ್ತು. 1991ರ ತಿದ್ದುಪಡಿ ಆ ಕಿಂಡಿಯನ್ನೂ ಮುಚ್ಚಿತು. ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ವನ್ಯಜೀವಿಧಾಮ 1974ರಲ್ಲಿ ಸ್ಥಾಪನೆಯಾಗಿ, 1987ರಲ್ಲಿ ಸುಮಾರು 540 ಚದರ ಕಿ.ಮೀ.ಗೆ ವಿಸ್ತರಿಸಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾವೇರಿ ವನ್ಯಜೀವಿಧಾಮ 1987ರದು, 2013ರಲ್ಲಿ ಅದು ಸಾವಿರ ಚದರ ಕಿ.ಮೀ. ದಾಟಿ ಬೆಳೆಯಿತು. ಅದೇ ವರ್ಷ ಮಲೆ ಮಹದೇಶ್ವರ ವನ್ಯಜೀವಿಧಾಮ ಸುಮಾರು 906 ಚದರ ಕಿ.ಮೀ. ವಿಸ್ತಾರದಲ್ಲಿ ಘೋಷಣೆಯಾಯಿತು. ವನ್ಯಜೀವಿಧಾಮದೊಳಗೆ ಬೇಟೆಯಾಡಿದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ ಇದೆ. ಬೇಟೆಯಿಲ್ಲದೆ ತಾನಾಗಿ ಉದುರಿದ ಕೊಂಬನ್ನು ಆರಿಸಿ ಮನೆಗೆ ತಂದು ಗೋಡೆಗೆ ತೂಗುಹಾಕುವುದೂ ಅಪರಾಧವೇ. ಕಾಡಂಚಿನ ಹಳ್ಳಿಗಳಲ್ಲಿ ಬಹಳ ಜನಕ್ಕೆ ಇದು ಇನ್ನೂ ತಿಳಿದಿಲ್ಲ.

ಕಾನೂನು ಕಾಗದದಲ್ಲಿ ಗಟ್ಟಿಯಾದ ಹೊತ್ತಿಗೇ ಹನೂರಿನ ಕಾಡು ಸರ್ಕಾರದ ಕೈತಪ್ಪಿತ್ತು. ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಆನೆದಂತ, ಶ್ರೀಗಂಧಗಳ ದಂಧೆಯಿಂದ ಬೆಳೆದು, 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ; 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿಸಿದ. 2004ರ ಅಕ್ಟೋಬರ್ 18ರಂದು ಆತ ಸಾಯುವವರೆಗೆ ಅರಣ್ಯ ಸಿಬ್ಬಂದಿ ಒಳಕಾಡಿಗೆ ಹೋಗಿ ಗಸ್ತು ತಿರುಗುವುದು ಜೀವದ ಮೇಲಿನ ಆಟವಾಗಿತ್ತು. ಆತನ ತಂಡಕ್ಕೆ ಕಾಡುಪ್ರಾಣಿಗಳೇ ಆಹಾರ. ಜನರ ಓಡಾಟ ನಿಂತದ್ದರಿಂದ ಕಾಡು ದಟ್ಟವಾಯಿತು ಎಂದು ಒಂದು ಮಾತು ಈ ಭಾಗದಲ್ಲಿ ಚಾಲ್ತಿಯಲ್ಲಿದೆ. ಮರಗಳ ಮಟ್ಟಿಗೆ ಅದರಲ್ಲಿ ನಿಜವಿರಬಹುದು, ಕಡವೆಯ ಮಟ್ಟಿಗೆ ಅದನ್ನು ಒಪ್ಪುವುದು ಕಷ್ಟ.

ಈಗ ನಡೆಯುವ ಕಳ್ಳಬೇಟೆಯಲ್ಲಿ ಹೊಸ ವಿದ್ಯೆಯೇನಿಲ್ಲ. ನಾಡಬಂದೂಕು, ತಂತಿ ಉರುಳು, ತಲೆಗೆ ಕಟ್ಟುವ ದೀಪ. ಇವುಗಳಲ್ಲಿ ಅತಿ ಕೆಟ್ಟದ್ದು ಉರುಳು. ಅದಕ್ಕೆ ಮರಿ, ಗಬ್ಬದ ಹೆಣ್ಣು, ಚಿರತೆ, ಕರಡಿ ಎಂಬ ಭೇದವಿಲ್ಲ. ಹಾಕಿದವನು ಮರೆತರೂ ಅದು ಕೆಲಸ ನಿಲ್ಲಿಸುವುದಿಲ್ಲ. ಕಾಡಿನ ಅಂಚಿಗೆ ಕಾವೇರಿಯೇ ಗಡಿಯಾಗಿರುವುದರಿಂದ ಆಚೆ ದಡದಿಂದ ತೆಪ್ಪದಲ್ಲಿ ಬಂದು ಹೋಗುವವರೂ ಇದ್ದಾರೆ. ಇಂಥ ಮಾಂಸ ಹಸಿವಿಗೆ ಬೇಯುವುದಕ್ಕಿಂತ ಮಾರಾಟಕ್ಕೆ ಹೋಗುವುದೇ ಹೆಚ್ಚು.

ಇದರ ಪೆಟ್ಟು ಬೀಳುವುದು ಹುಲಿಗೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಡೆಸಿದ ಅಧ್ಯಯನಗಳು ಹುಲಿ ದೊಡ್ಡ ಗೊರಸಿನ ಪ್ರಾಣಿಗಳನ್ನೇ, ಅಂದರೆ ಕಾಟಿ ಮತ್ತು ಕಡವೆಯನ್ನೇ, ಆರಿಸಿ ಹೊಡೆಯುತ್ತದೆ ಎಂದು ತೋರಿಸಿದವು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು. ಮೂಲ ಹಿಂಡು ಕರಗದೆ ಅಷ್ಟು ಸಿಗಬೇಕಾದರೆ ಸುಮಾರು 500 ಪ್ರಾಣಿಗಳಿರಬೇಕು. ಕಡವೆ ಇಲ್ಲದ ಕಾಡಿನಲ್ಲಿ ಹುಲಿ ದನಕ್ಕೆ ಕೈಹಾಕುತ್ತದೆ, ದನ ಕಳೆದುಕೊಂಡವನು ಕಳೇಬರಕ್ಕೆ ವಿಷ ಹಾಕುತ್ತಾನೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷ ಬೆರೆತ ಹಸುವಿನ ಮಾಂಸ ತಿಂದು ಸತ್ತದ್ದು ಇದೇ ಸರಪಳಿಯ ತುದಿ. ಸುದ್ದಿಯೆಲ್ಲ ಹುಲಿಯ ಮೇಲೆ ನಿಂತಿತು. ಆ ಕಾಡಿನಲ್ಲಿ ಹುಲಿಗೆ ಕಡವೆ ಎಷ್ಟು ಉಳಿದಿದೆ ಎಂಬ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಹುಲಿಯಷ್ಟೇ ಅಲ್ಲ, ನೆಲ್ಲಿಮರಕ್ಕೂ ಕಡವೆಯ ಋಣವಿದೆ. ಕಡವೆ, ಜಿಂಕೆ, ಕಾಡುಕುರಿಗಳು ನೆಲ್ಲಿಕಾಯಿ ನುಂಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಬೇರೆ ಜಾಗದಲ್ಲಿ ಉಗುಳುತ್ತವೆ. ಸೋಲಿಗರು ಕೊಯ್ಯುವ ನೆಲ್ಲಿಯ ಹೊಸ ಸಸಿಗಳು ಹೀಗೂ ಏಳುತ್ತವೆ.

ಇದೇ ಪ್ರಾಣಿ ಇನ್ನೊಂದು ಖಂಡದಲ್ಲಿ ಪೀಡೆ ಎನಿಸಿಕೊಂಡಿದೆ. 1860ರ ದಶಕದಲ್ಲಿ ಶೋಕಿಗೆಂದು ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ ಒಯ್ದು ಬಿಟ್ಟ ಕಡವೆಗಳು ಅಲ್ಲಿನ ಪರ್ವತದ ಕಾಡುಗಳಲ್ಲಿ ಮಿತಿಮೀರಿ ಹೆಚ್ಚಿವೆ. ಹುಲಿಯಿಲ್ಲ, ಸೀಳುನಾಯಿಯಿಲ್ಲ. ಬೇಟೆಗಾರರು ವರ್ಷಪೂರ್ತಿ ಜಾಡು ಹಿಡಿದು, ನಿಗದಿತ ತಿಂಗಳುಗಳಲ್ಲಿ ನಾಯಿ ಬಿಟ್ಟು, ಪರವಾನಗಿಯೊಂದಿಗೆ ಹೊಡೆಯುತ್ತಾರೆ. ಕೆಲವು ವರ್ಷ ಒಟ್ಟು ಜಿಂಕೆ ಬೇಟೆ ಲಕ್ಷ ದಾಟಿದೆ, ಅದರಲ್ಲಿ ಬಹುಪಾಲು ಕಡವೆ. ಅಲ್ಲಿನ ಬೇಟೆ ಕೈಪಿಡಿಗಳು ಹೇಳುವುದೂ ಗಾಳಿ ನೋಡು, ಅಲ್ಲಾಡದೆ ನಿಲ್ಲು, ತೊಗಟೆ ಸುಲಿದ ಮರ ಹುಡುಕು ಎಂಬ ಸೋಲಿಗರ ಪಾಠವನ್ನೇ. ತವರಿನಲ್ಲಿ ಮಾತ್ರ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2008ರಿಂದ ಕಡವೆಯನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿದೆ. ಅಲ್ಲಿ ಹಾಗೆ ಮಾಡುತ್ತಾರೆ, ಇಲ್ಲೇಕೆ ಬಾರದು ಎಂದು ಕೇಳುವವರಿಗೆ ಈ ವ್ಯತ್ಯಾಸವೇ ಉತ್ತರ.

ಸೋಲಿಗರಿಗೆ ಕಾನೂನು ಎರಡು ಬಗೆಯಲ್ಲಿ ತಾಗಿತು. ವನ್ಯಜೀವಿಧಾಮವಾದ ಮೇಲೆ ಅವರ ಕುಮರಿ ಬೇಸಾಯ ನಿಂತು, ಕಾಡೊಳಗೆ ಚದುರಿದ್ದ ಕುಟುಂಬಗಳು ಪೋಡುಗಳೆಂಬ ಹಾಡಿಗಳಿಗೆ ಬಂದವು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ, ಪೂಜಾಸ್ಥಳ, ಕಾಡಿನ ನಿರ್ವಹಣೆಯ ಹಕ್ಕುಗಳನ್ನು ಮರಳಿಸಿತು. 2011ರಲ್ಲಿ ಬಿಳಿಗಿರಿಯ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥದು ದೇಶದಲ್ಲೇ ಮೊದಲು. ಆದರೆ ಅದೇ ಕಾಯ್ದೆ ಸಾಂಪ್ರದಾಯಿಕ ಬೇಟೆಯ ಹಕ್ಕನ್ನು ಮಾತ್ರ ಸ್ಪಷ್ಟ ಮಾತಿನಲ್ಲಿ ಹೊರಗಿಟ್ಟಿದೆ. ಜಾಡಿನ ವಿದ್ಯೆ ಬಲ್ಲ ಹಲವರು ಈಗ ಅರಣ್ಯ ಇಲಾಖೆಯ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದಿನಗೂಲಿಯ ಕಾವಲುಗಾರರು. ಅಜ್ಜಂದಿರು ದೊರೆಗಳ ರೈಫಲಿಗೆ ಕಡವೆಯ ದಾರಿ ತೋರಿಸಿದರು, ಮೊಮ್ಮಕ್ಕಳು ಅದೇ ದಾರಿಯಲ್ಲಿ ಉರುಳು ಕೀಳುತ್ತಾರೆ, ಕ್ಯಾಮರಾ ಕಟ್ಟಲು ಮರ ತೋರಿಸುತ್ತಾರೆ. ಸಂಬಳ ಮಾತ್ರ ವಿದ್ಯೆಗೆ ತಕ್ಕದ್ದಲ್ಲ.

ಕಾಡಿನ ದಟ್ಟಣೆಯೂ ಈಚೆಗೆ ಬದಲಾಗಿದೆ. ಬಿಳಿಗಿರಿಯ ಉದ್ದಗಲಕ್ಕೆ ಲಂಟಾನ ಎಂಬ ಕಳೆಗಿಡ ಹಬ್ಬಿ, ಹುಲ್ಲು ಮತ್ತು ಎಳೆ ಸಸಿಗಳಿದ್ದ ನೆಲವನ್ನು ಆವರಿಸಿದೆ. ತರಗು ಬೆಂಕಿ ಎಂದು ಬೇಸಿಗೆಯ ಮೊದಲಲ್ಲಿ ತಾವು ಹಾಕುತ್ತಿದ್ದ ತಣ್ಣನೆಯ ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂಬುದು ಸೋಲಿಗರ ವಾದ. ಬೆಂಕಿಯನ್ನು ಪೂರ್ತಿ ತಡೆಯುವುದು ಅರಣ್ಯ ಇಲಾಖೆಯ ನೀತಿ. ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯ ಸಂಶೋಧಕರು 1997 ಮತ್ತು 2008ರ ನಡುವೆ ಲಂಟಾನ ಭಾರಿ ಪ್ರಮಾಣದಲ್ಲಿ ಹೆಚ್ಚಿದ್ದನ್ನು ಅಳೆದು ತೋರಿಸಿದ್ದಾರೆ. ಈ ಮೆಳೆಯೊಳಗೆ ಕಡವೆಗೆ ಅಡಗಲು ಜಾಗ ಬೇಕಾದಷ್ಟಿದೆ, ಮೇಯಲು ಹೆಚ್ಚಿಲ್ಲ. ಕಾವಲುಗಾರನಿಗೂ ಜಾಡು ಸುಲಭವಾಗಿ ಕಾಣದು, ಎದುರಿಗೆ ಆನೆ ಇದ್ದರೂ ತಿಳಿಯದು. ದೊಡ್ಡಸಂಪಿಗೆಯಿಂದ ಎಡೆಯಾರಹಳ್ಳಿಯ ಕಡೆಗೆ ಬಿಳಿಗಿರಿಯನ್ನು ಮಹದೇಶ್ವರ ಬೆಟ್ಟಕ್ಕೆ ಜೋಡಿಸುವ ಕಿರಿದಾದ ಓಣಿಯಲ್ಲೂ ಇದೇ ಸ್ಥಿತಿ. ಬಿಳಿಗಿರಿಯಲ್ಲಿ ಹೆಚ್ಚಿದ ಕಡವೆ ಹನೂರಿನ ಬರಿದಾದ ಕಾಡಿಗೆ ತಾನಾಗಿ ನಡೆದು ಹೋಗಿ ನೆಲೆಸಬೇಕಾದರೆ ಇರುವ ಮುಖ್ಯ ದಾರಿ ಅದು. ಓಣಿಯ ಎರಡೂ ಬದಿಗೆ ಹೊಲಗಳಿವೆ, ನಡುವೆ ರಸ್ತೆ ಹಾದಿದೆ.